ಗೇರಿನ ಬೆತ್ತಕ್ಕೆ ತೊಡಿಸಿದ ಚರ್ಮದ ಅಂಗಿ

ನಮ್ಮ ಮನೆಯ ಲಾರಿಯ ಕ್ಯಾಬಿನ್ ನೆಲದಲ್ಲಿ ಐದು ರಂಧ್ರಗಳಿದ್ದವು. ತಾಲೂಕು ಕಚೇರಿಯಲ್ಲಿ ಆಯುಷ್ಯದ ದೊಡ್ಡ ಪಾಲನ್ನು ಕಡತಗಳಿಗೆ ಅರ್ಪಿಸಿದವನಾದ್ದರಿಂದ ಅವುಗಳನ್ನು ಕ್ರಮವಾಗಿ ನಮೂದಿಸುವುದು ನನ್ನ ಧರ್ಮ. ಕ್ಲಚ್ಚು, ಬ್ರೇಕು, ಎಕ್ಸಲೇಟರು ಕೆಳಗಿಳಿಯುವ ಸೀಳುಗಳು ಮೂರು. ಕೈಬ್ರೇಕಿನ ಹಿಡಿ ಹಿಂದೆ ಮುಂದೆ ಆಡುವ ಉದ್ದನೆಯ ಸೀಳು ಒಂದು. ಐದನೆಯದು ನಟ್ಟನಡುವೆ, ಗೇರಿನ ಬೆತ್ತ ಮೇಲೆದ್ದು ಬರುವಲ್ಲಿ, ಊಟದ ತಾಟಿನಷ್ಟು ಅಗಲವಾದ ಮಹಾರಂಧ್ರ. ಅದರೊಳಗೆ ಬಗ್ಗಿ ನೋಡಿದರೆ ಗೇರುಪೆಟ್ಟಿಗೆಯ ಬೆನ್ನು, ಅದರಾಚೆ ಓಡುವ ರಸ್ತೆ ಕಾಣುತ್ತಿತ್ತು. ಊರೂರಿನ ಡಾಂಬರಿನ ಗುಣಮಟ್ಟವನ್ನು ಕೂತಲ್ಲಿಂದಲೇ ತಪಾಸಣೆ ಮಾಡುವ ಇಂಥ ಅನುಕೂಲ ಯಾವ ಇಂಜಿನಿಯರಿಗೂ ಇರಲಿಲ್ಲ. ಆದರೆ ಅದೇ ದಾರಿಯಲ್ಲಿ ಬಿಸಿ, ಧೂಳು, ಡೀಸೆಲ್ ಹೊಗೆ ಮೂರೂ ಮೇಲೇರಿ ಬರುತ್ತಿದ್ದವು.

ಲಾರಿ ಅಪ್ಪ ತಂದದ್ದು. ಎಂಜಿನ್ನು ಮುಂದೆ ಮೂತಿಯ ಹಾಗೆ ಚಾಚಿಕೊಂಡ ಹಳೇ ಮಾದರಿ. ನಮ್ಮ ಇಂಡಿ ಊರಿನ ಪೇಟೆಯಲ್ಲಿ ಅದಕ್ಕೆ ಮೂತಿ ಗಾಡಿ ಎಂದೇ ಹೆಸರು. ನನಗಿಂತ ನಾಲ್ಕು ವರ್ಷ ಚಿಕ್ಕದು. ಆದರೆ ನಿವೃತ್ತಿಯ ವಿಷಯದಲ್ಲಿ ನನ್ನ ಮೇಲ್ಪಂಕ್ತಿಯನ್ನು ಅನುಸರಿಸಲು ಅದು ಒಪ್ಪಲಿಲ್ಲ. ಅದನ್ನು ಓಡಿಸಬಲ್ಲವನು ನಮ್ಮಣ್ಣ ಒಬ್ಬನೇ. ಎಪ್ಪತ್ತು ದಾಟಿದ ಅವನು ಬೆಳಿಗ್ಗೆ ಎದ್ದವನೇ ದೇವರ ಕೋಣೆಗೆ ಹೋಗುವ ಮೊದಲು ಅದರ ಬಾನೆಟ್ಟಿನ ಮೇಲೆ ಕೈಯಾಡಿಸಿ ಬರುತ್ತಿದ್ದ. ತೋಟದ ಲಿಂಬೆಹಣ್ಣು, ಗೊಬ್ಬರ, ಕಣಿಕೆಯ ಮೇವು, ಓಣಿಯವರ ಮನೆ ಸಾಮಾನು ಎಲ್ಲವೂ ಅದರಲ್ಲೇ. ಮಹಾರಂಧ್ರವನ್ನು ಮುಚ್ಚಲು ನಮ್ಮ ಮನೆತನ ಮಾಡಿದ ಪ್ರಯತ್ನಗಳ ಇತಿಹಾಸ ದೊಡ್ಡದು. ಗೋಣಿಚೀಲ ತುರುಕಿದ್ದಾಯಿತು; ಅದು ಒಂದು ಬೇಸಿಗೆಯಲ್ಲಿ ಹೊಗೆಯಾಡಿ ಸುಟ್ಟ ವಾಸನೆ ಬಂದಾಗ ಕಿತ್ತೆಸೆದದ್ದಾಯಿತು. ಅಪ್ಪನ ಹಳೇ ಧೋತರ ಹೋಯಿತು. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಒಬ್ಬರ ಬಟ್ಟೆ ಬ್ಯಾನರು ಹೋಯಿತು. ಅದು ಅಭ್ಯರ್ಥಿಗಿಂತ ಹೆಚ್ಚು ದಿನ ತಾಳಿತು.

ಹೀಗೇ ನಡೆಯುತ್ತಿತ್ತು. ಹೋದ ಬೇಸಿಗೆಯಲ್ಲಿ ಸಿಂದಗಿಯಿಂದ ಬರುವಾಗ ಕ್ಯಾಬಿನ್ನಿನಲ್ಲಿ ಕೂತಿದ್ದ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ದಮ್ಮು ಎದ್ದಿತು. ಮೊದಲೂ ಏಳುತ್ತಿತ್ತು, ಔಷಧಿಯ ಪಂಪು ಎಳೆದುಕೊಂಡರೆ ಇಳಿಯುತ್ತಿತ್ತು. ಆ ಸಲ ಇಳಿಯಲಿಲ್ಲ. ಇಂಡಿಯ ದವಾಖಾನೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಚ್ಚಿ ಮಲಗಿಸಿದ್ದರು. ಅಣ್ಣ ಹೊರಗೆ ಬೆಂಚಿನ ಮೇಲೆ ಗಾಡಿಯ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಡಾಕ್ಟರು, ಡೀಸೆಲ್ ಹೊಗೆ ಇವರ ಹತ್ತಿರ ಸುಳಿಯಬಾರದು ಎಂದರು.

ಅಣ್ಣನ ಮಗನದು ಇಂಡಿಯಲ್ಲೇ ಪಂಪ್‌ಸೆಟ್ಟಿನ ಅಂಗಡಿ. ಮಾತು ಕಡಿಮೆ, ತೀರ್ಮಾನ ಜಾಸ್ತಿ. ವೈನಿ ಮನೆಗೆ ಬಂದ ದಿನವೇ ಅವನು ಅಂದ: "ಅಪ್ಪಾ, ಗುಜರಿ ಅಂವಗ ಹೇಳೇನಿ. ಸೋಮವಾರ ಬಂದು ಗಾಡಿ ಒಯ್ತಾನ."

 ಅಂದು ಅಣ್ಣ ಊಟ ಮಾಡಲಿಲ್ಲ. ಮರುದಿನವೂ ಅರ್ಧ ರೊಟ್ಟಿ. ಮೂರನೆಯ ದಿನ ಅವನು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪಲ್ಲೆ ಹೆಚ್ಚುವುದು ಹೇಗೆ ಎಂದು ವೈನಿಗೆ ಹೇಳಿಕೊಡತೊಡಗಿದ. ವೈನಿ ಈಳಿಗೆ ಕೆಳಗಿಟ್ಟು ಮಗನನ್ನು ಕರೆದರು.

"ಆ ಗಾಡಿ ಹೋತಂದ್ರ ಇವರು ದಿನಾ ಮನ್ಯಾಗ ಇರ್ತಾರ. ಅದು ದಮ್ಮಿಗಿಂತಾ ತ್ರಾಸ ಐತಿ. ಒಂದು ಕರಾರ ಮಾಡ್ಕೊಳ್ಳೂಣು. ಆ ತೂತು ಎಲ್ಲಾ ಬಂದ್ ಮಾಡ್ಸ್ಲಿ. ನಾ ಇದೇ ಗಾಡ್ಯಾಗ ಮುದ್ದೇಬಿಹಾಳಕ್ಕ ನಮ್ಮಣ್ಣನ ಮನೀತನಕ ಹೋಗ್ತೇನಿ. ಗಾಡಿಯಿಂದ ದಮ್ಮು ಏಳದಂಗ ಮುಟ್ಟಿದ್ರ ಗಾಡಿ ಇರ್ಲಿ. ಎದ್ದಿತಂದ್ರ ಸೋಮವಾರ ಏನು, ಐತವಾರನ ಒಯ್ಲಿ."

ಮುದ್ದೇಬಿಹಾಳದ ಹತ್ತಿರ ವೈನಿಯ ಅಣ್ಣ ಹೊಸದಾಗಿ ಲಿಂಬೆ ತೋಟ ಮಾಡುವವನಿದ್ದ. ಇಂಡಿಯ ಸಸಿಗಳೇ ಬೇಕೆಂದಿದ್ದ. ಹೇಗೂ ಒಯ್ಯಬೇಕಿತ್ತು. ಮಗ ತಾಯಿಯ ಮುಖ ನೋಡಿದ, ತಂದೆಯ ಮುಖ ನೋಡಿದ. "ಮೊದಲು ನಾ ಪರೀಕ್ಷಾ ಮಾಡ್ತೇನಿ. ಆಮ್ಯಾಲೆ ಹೋಗ್ರಿ" ಎಂದ.

ರಂಧ್ರ ನಿವಾರಣೆಯ ಸಂಪೂರ್ಣ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ.

ಪೆಡಲುಗಳ ಸೀಳುಗಳಿಗೆ ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿ ಕತ್ತರಿಸಿ, ನಡುವೆ ಬ್ಲೇಡಿನಿಂದ ಗೀರಿ, ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿಸಿದೆವು. ಕೈಬ್ರೇಕಿನ ಸೀಳಿಗೆ ಎರಡು ರಬ್ಬರು ತುಟಿಗಳು, ಎದುರುಬದರು. ಹಿಡಿ ಹೋದಲ್ಲಿ ಬಾಯಿ ಬಿಟ್ಟು, ದಾಟಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಮಹಾರಂಧ್ರ ಮಾತ್ರ ರಬ್ಬರಿಗೆ ಬಗ್ಗಲಿಲ್ಲ. ಗೇರುಪೆಟ್ಟಿಗೆಯ ಶಾಖಕ್ಕೆ ಟ್ಯೂಬು ಹೋಳಿಗೆಯ ಹಿಟ್ಟಿನಂತಾಗುತ್ತಿತ್ತು. ಆಗ ಸಾಲೋಟಗಿಯ ಅಜ್ಜ ನೆನಪಾದ.

ಎತ್ತು ಹೂಡಿ ಬಾವಿಯಿಂದ ನೀರೆತ್ತುವ ಚರ್ಮದ ಮೊಟ್ಟೆಗಳ ಕಾಲದಲ್ಲಿ ಅವನ್ನು ಹೊಲಿಯುತ್ತಿದ್ದವರಲ್ಲಿ ಉಳಿದವನು ಈ ಅಜ್ಜ ಒಬ್ಬ. ಮೊಟ್ಟೆಯ ಬಾಯಿ ಅಗಲ, ಬಾಲ ಸೊಂಡಿಲಿನಂತೆ ಕಿರಿದು. ನಮಗೆ ಬೇಕಾದದ್ದೂ ಅದೇ ಆಕಾರ, ಬುಡಮೇಲು ಮಾಡಿದ್ದು: ಬುಡದಲ್ಲಿ ತಾಟಿನಷ್ಟು ಅಗಲ, ಮೇಲೆ ಬೆತ್ತವನ್ನು ಅಪ್ಪುವಷ್ಟು ಕಿರಿದು. ಅಜ್ಜ ಬಂದ, ಕ್ಯಾಬಿನ್ನಿನಲ್ಲಿ ಮಂಡಿಯೂರಿ ಬೆತ್ತವನ್ನು ಅತ್ತಿತ್ತ ಆಡಿಸಿದ. ಗೇಣು ಹಾಕಿ ಅಳೆದ.

"ಮಾಡ್ತೇನ್ರಿ. ಆದ್ರ ಇದಕ್ಕ ಮೈ ಸಡ್ಲ ಬೇಕು. ನಾಕು ನಿರಿಗಿ ಬಿಟ್ಟು ಹೊಲೀತೇನಿ."

"ನಿರಿಗಿ ಬಿಟ್ರ ಸಂದಿ ಬೀಳ್ತಾವಲ್ಲೋ ಅಜ್ಜಾ. ಹೊಗಿ ಬರ್ತದ" ಎಂದೆ ನಾನು.

"ನಿರಿಗ್ಯಾಗ ಹೊಗಿ ಬರೂದಿಲ್ರಿ, ಸಾಹೇಬ್ರ. ಬೆತ್ತ ಆಡೂ ಸಾಮಾನು. ಆಡಾಕ ಜಾಗಾ ಬೇಕು."

"ಜಾಗಾ ಬ್ಯಾಡ. ಇರಿವಿ ಸೈತ ಹೋಗಬಾರದು, ಹಂಗ ಬಿಗಿ ಮಾಡು."

ಅಜ್ಜ ನನ್ನ ಕನ್ನಡಕವನ್ನು, ನನ್ನ ಕಿಸೆಯ ಪೆನ್ನನ್ನು ನೋಡಿದ. ಓದಿದವರ ಮಾತು ಎಂದು ಸುಮ್ಮನಾದ. ನೆನೆಸಿದ ತೊಗಲನ್ನು ಹಸಿಯಾಗಿಯೇ ತೊಡಿಸಿ, ಬುಡದ ಸುತ್ತ ಕಬ್ಬಿಣದ ಬಳೆಯಿಟ್ಟು ಬಿಗಿದು, ಕೊರಳಲ್ಲಿ ತೊಗಲ ಬಾರಿನಿಂದ ಬೆತ್ತಕ್ಕೆ ಕಟ್ಟಿದ. ಹೋಗುವಾಗ ಕೇಳಿದ: "ಒಣಗೂಮುಂದ ಯಾವ ಗೇರಿನ್ಯಾಗ ಇಡ್ತೀರಿ?"

"ಇದೇನು ಪ್ರಶ್ನೆ? ನಿಂತ ಗಾಡಿ. ನ್ಯೂಟ್ರಲ್."

"ಆಗಾಗ ಅಲ್ಲಾಡ್ಸ್ರಿ ಮತ್ತ" ಎಂದು ಹೇಳಿಯೇ ಹೋದ. ನಾನು ಅಲ್ಲಾಡಿಸಲಿಲ್ಲ. ಅಲ್ಲಾಡಿಸಿದರೆ ಹೊಲಿಗೆ ಸಡಿಲವಾದೀತೆಂಬ ದೂರದೃಷ್ಟಿಯಿಂದ, ಅಣ್ಣನನ್ನೂ ಎರಡು ದಿನ ಗಾಡಿಯ ಹತ್ತಿರ ಬಿಡಲಿಲ್ಲ. ಬಾಗಿಲು ತೆರೆದಿಟ್ಟು ವೈಶಾಖದ ಬಿಸಿಲಿಗೆ ಒಣಹಾಕಿದೆ. ಚರ್ಮ ಎಷ್ಟು ಚೆಂದ ಒಣಗಿತೆಂದರೆ, ಬೆರಳಿನಿಂದ ತಟ್ಟಿದರೆ ಹಲಗಿಯಂತೆ ನಾದ ಕೊಡುತ್ತಿತ್ತು.

ಪರೀಕ್ಷೆ ವಿಧಿವತ್ತಾಗಿ ನಡೆಯಿತು. ಮಗ ಕ್ಯಾಬಿನ್ನಿನೊಳಗೆ ಕಿಟಕಿ ಏರಿಸಿ ಕೂತ. ನಾನು ಧೂಪದ ಆರತಿಯಲ್ಲಿ ಕೆಂಡ ತುಂಬಿ, ಮೇಲೆ ಲೋಬಾನ ಸುರಿದು, ಗಾಡಿಯ ಕೆಳಗೆ ಅಂಗಾತ ಮಲಗಿ ಐದೂ ರಂಧ್ರಗಳಿಗೆ ಹೊಗೆ ಹಿಡಿದೆ. ನನ್ನ ಕಣ್ಣು ಕೆಂಪಾಯಿತು, ಹುಬ್ಬು ಒಂದಿಷ್ಟು ಸುಟ್ಟಿತು. ಓಣಿಯ ಮಂದಿ ಗಾಡಿಗೆ ದೆವ್ವ ಬಡಿದಿದೆ ಎಂದು ತಿಳಿದು ದೂರ ನಿಂತು ನಮಸ್ಕಾರ ಮಾಡಿ ಹೋದರು. ಮಗ ಕಾಲು ತಾಸು ಮೂಸಿ ಮೂಸಿ ಕೆಳಗಿಳಿದ.

"ಹೊಗಿ ಬರಲಿಲ್ಲ ಕಾಕಾ" ಎಂದ. ಅವನ ಬಾಯಿಂದ ನನಗೆ ಸಂದ ಪ್ರಶಸ್ತಿ ಅದೊಂದೇ.

ಸಸಿ ಹೇರಿಕೊಂಡು ಬೆಳಿಗ್ಗೆ ಹೊರಟೆವು. ಬೇರಿಗೆ ಹಸಿ ಮಣ್ಣಿನ ಮುದ್ದೆಯಿದ್ದ ಸಸಿಗಳಿಂದ ಹಿಂಭಾಗ ತುಂಬಿ, ಗಾಡಿ ಹಿಂದೆ ತುಸು ಕುಸಿದಿತ್ತು. ಅಣ್ಣ ಸ್ಟೇರಿಂಗಿನ ಹಿಂದೆ, ವೈನಿ ಕಿಟಕಿಯ ಬದಿಗೆ, ಮಡಿಲಲ್ಲಿ ಎಲೆಯಡಿಕೆಯ ಸಂಚಿ. ಅದರೊಳಗೆ ಅಡಕೊತ್ತಿನ ಪಕ್ಕ ದಮ್ಮಿನ ಪಂಪು. ನಡುವೆ ನಾನು, ನನ್ನ ಮೊಣಕಾಲುಗಳ ನಡುವೆ ಹೊಸ ಅಂಗಿ ತೊಟ್ಟ ಗೇರಿನ ಬೆತ್ತ. ಕ್ಯಾಬಿನ್ನಿನಲ್ಲಿ ಹೊಗೆಯ ಸುಳಿವಿರಲಿಲ್ಲ. ವೈನಿ ಉಸಿರೆಳೆದು ನೋಡಿ, "ಮನೀ ಪಡಸಾಲಿ ಆಗೇತಿ" ಎಂದರು. ಅಣ್ಣ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಅದು ಪ್ರೀತಿ.

ಸಿಂದಗಿ ಇನ್ನೂ ಮೂರು ಮೈಲಿ ಇರುವಾಗ ಒಂದು ಊರ ಮುಂದೆ ರಸ್ತೆಯುಬ್ಬು ಬಂತು. ಅಣ್ಣ ಎಕ್ಸಲೇಟರಿನಿಂದ ಕಾಲು ತೆಗೆದ. ತೆಗೆದ ಕೂಡಲೇ ಬೆತ್ತ ತಾನಾಗಿ ಕಟಕ್ಕನೆ ಹಾರಿ ನ್ಯೂಟ್ರಲಿಗೆ ಬಂದು ನಿಂತಿತು.

ಅಣ್ಣ ಬೆತ್ತವನ್ನು ನೋಡಿದ. ಮತ್ತೆ ಗೇರಿಗೆ ನೂಕಿದ. ಮುಂದಿನ ಉಬ್ಬಿನಲ್ಲಿ ಕಾಲು ತೆಗೆದ; ಕಟಕ್.  ಕಾರಣ ನನಗೆ ತಕ್ಷಣ ಹೊಳೆಯಿತು. ಎರಡು ದಿನ ಬಿಸಿಲಲ್ಲಿ ನ್ಯೂಟ್ರಲಿನಲ್ಲಿ ಒಣಗಿದ ಚರ್ಮಕ್ಕೆ ನ್ಯೂಟ್ರಲೇ ತವರುಮನೆಯಾಗಿತ್ತು; ಗೇರುಪೆಟ್ಟಿಗೆ ಕಾದ ಮೇಲೆ ಅದು ಬಿಗಿಯತೊಡಗಿತ್ತು. ಎಂಜಿನ್ನು ಎಳೆಯುತ್ತಿರುವಾಗ ಸುಮ್ಮನಿದ್ದು, ಕಾಲು ತೆಗೆದದ್ದೇ ತಡ ಬೆತ್ತವನ್ನು ಎಳೆದುಕೊಂಡು ತನ್ನ ಜಾಗಕ್ಕೆ ಬರುತ್ತಿತ್ತು.

ಸಿಂದಗಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ವೈನಿ ಕ್ಯಾಬಿನ್ನಿನಲ್ಲೇ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ನಾವಿಬ್ಬರೂ ಗಾಡಿಯ ಹಿಂದೆ ಟೈರು ಒದೆಯುವ ನೆಪದಲ್ಲಿ ಸಭೆ ಸೇರಿದೆವು.

"ಏನಲೇ ಇದು?" ಅಣ್ಣ ಹಲ್ಲು ಕಚ್ಚಿ ಕೇಳಿದ. "ಗೇರು ನಿಂದರವಲ್ದು."

"ಆ ಅಜ್ಜ ಬಿಗಿ ಹೊಲದಾನ, ಅಣ್ಣಾ."

ಹೀಗೆ ಹೇಳಿದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಆಣೆ ಹಾಕಿಸಿರಲಿಲ್ಲ. ನಿವೃತ್ತನಾಗಿ ಆರು ವರ್ಷವಾದರೂ ತಪ್ಪನ್ನು ಕೆಳಗಿನವರ ತಲೆಗೆ ವರ್ಗಾಯಿಸುವ ಅಭ್ಯಾಸ ಕೈಬಿಟ್ಟಿರಲಿಲ್ಲ.

"ಬಿಚ್ಚಿ ಒಗೀಲೇನು?"

"ಬಿಚ್ಚಿದ್ರ ಹೊಗಿ. ಹೊಗಿ ಬಂದ್ರ ದಮ್ಮು."

ಅಣ್ಣ ಟೈರಿಗೆ ಇನ್ನೊಂದು ಒದ್ದ. "ಆಕಿಗೆ ಗೊತ್ತಾಗಬಾರದು" ಎಂದ. "ಗೊತ್ತಾತಂದ್ರ ಮಗನಿಗೆ ಫೋನ್ ಹೋಗ್ತದ. ನೀ ನಡುವ ಕುಂತೀ. ನಾ ಗೇರ್ ಹಾಕಿದ ಮ್ಯಾಲೆ ನೀ ಹಿಡಿ. ಬಿಡಬ್ಯಾಡ."

ಅಲ್ಲಿಂದ ಮುಂದಿನ ಪ್ರಯಾಣವನ್ನು ನಾನು ಮರೆಯಲಾರೆ. ಹೆಗಲ ಮೇಲಿನ ವಸ್ತ್ರವನ್ನು ತೊಡೆಯ ಮೇಲೆ ಹರಡಿ, ಅದರ ಕೆಳಗೆ ಎರಡೂ ಕೈಯಿಂದ ಬೆತ್ತದ ಕೊರಳನ್ನು ಹಿಡಿದು, ಮುಖದಲ್ಲಿ ಪ್ರಕೃತಿ ವೀಕ್ಷಣೆಯ ಭಾವ ತಂದುಕೊಂಡು ಕೂತೆ. ಅಣ್ಣ ಕೆಮ್ಮಿದರೆ ಬಿಡಬೇಕು, ಅವನು ಗೇರು ಬದಲಿಸಿದ ಮೇಲೆ ಮತ್ತೆ ಹಿಡಿಯಬೇಕು ಎಂದು ಸಂಕೇತ. ಬೆತ್ತ ನನ್ನ ಕೈಯೊಳಗೆ ಕಟ್ಟಿಹಾಕಿದ ಕರುವಿನಂತೆ ಎಳೆದಾಡುತ್ತಿತ್ತು. ಗೇರುಪೆಟ್ಟಿಗೆ ಕಾದಷ್ಟೂ ಚರ್ಮ ಇನ್ನಷ್ಟು ಬಿಗಿಯುತ್ತಿತ್ತು. ದೇವರ ಹಿಪ್ಪರಗಿ ಮುಟ್ಟುವಷ್ಟರಲ್ಲಿ ನನ್ನ ಮೊಣಕೈ ನಡುಗತೊಡಗಿತ್ತು.

"ಯಾಕ ತಮ್ಮಾ, ಮುಖ ಹಿಂಗ್ಯಾಕ ಮಾಡಿ?" ವೈನಿ ಕೇಳಿದರು. ಅವರು ಮದುವೆಯಾಗಿ ಬಂದಾಗ ನಾನು ಶಾಲೆಗೆ ಹೋಗುವವನಿದ್ದೆ. ಈಗಲೂ ಅವರಿಗೆ ನಾನು ತಮ್ಮನೇ.

"ಏನಿಲ್ರಿ ವೈನಿ. ಹೊಲ ನೋಡಾಕತ್ತೇನಿ."

"ಹೊಲ ಆ ಕಡಿ ಅದಾವ. ನೀ ಗೇರ್ ನೋಡಾಕತ್ತಿ."

"ಈಗಿನ ಕಾಲದಾಗ ಹೊಲ ಎಲ್ಲಿ ಉಳದಾವು ಬಿಡ್ರಿ" ಎಂದೆ. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಹೊಲವೇ ಇತ್ತು. ಅಣ್ಣ ಕೆಮ್ಮಿದ. ಅದು ಸಂಕೇತವೋ, ನಗೆಯೋ ತಿಳಿಯದೆ ನಾನು ಒಮ್ಮೆ ಬಿಟ್ಟು, ಹೆದರಿ ಮತ್ತೆ ಹಿಡಿದೆ.

ಬಾಗೇವಾಡಿಗೆ ಮೊದಲು ರಸ್ತೆ ಡೋಣಿ ಹೊಳೆಗೆ ಇಳಿಯುತ್ತದೆ. ಕಾರಿನವರಿಗೆ ಅದು ಇಳಿಜಾರೆಂದು ತಿಳಿಯುವುದೂ ಇಲ್ಲ. ಹಸಿ ಮಣ್ಣು ಹೇರಿಕೊಂಡ ಮೂತಿ ಗಾಡಿಗೆ ಮಾತ್ರ ತಿಳಿಯುತ್ತದೆ. ಅದರ ಬ್ರೇಕುಗಳು ಒಬ್ಬಂಟಿಯಾಗಿ ಕೆಲಸ ಮಾಡುವ ಜಾತಿಯವಲ್ಲ. ಗೇರಿನ ಆಸರೆ ಬೇಕೇಬೇಕು. ಅಣ್ಣ ಕೆಮ್ಮಿ ಮೂರನೇ ಗೇರಿಗೆ ಹಾಕಿದ, ನಾನು ಹಿಡಿದೆ. ಇಳಿಯತೊಡಗಿದೆವು. ವೈನಿ ಸಂಚಿ ಬಿಚ್ಚಿ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದರು.

ಅರ್ಧ ಇಳಿದಾಗ ನನ್ನ ಬೆವರಿದ ಅಂಗೈ ಜಾರಿತು.

ಕಟಕ್. ಬೆತ್ತ ನ್ಯೂಟ್ರಲಿಗೆ ಬಂತು. ಎಂಜಿನ್ನಿನ ಸದ್ದು ಒಮ್ಮೆಲೇ ಕೆಳಗಿಳಿಯಿತು. ಗಾಡಿ ಹಗುರಾದಂತೆ ಮುಂದಕ್ಕೆ ಓಡಿತು. ಕೆಳಗೆ ಸೇತುವೆಯ ಮುಂದೆ ರಸ್ತೆಯ ತುಂಬ ಬೆಳ್ಳಗೆ, ಕಪ್ಪಗೆ ಏನೋ ಹರಡಿತ್ತು. ಕುರಿಗಳು. ಒಂದು ಹಿಂಡಲ್ಲ, ಎರಡು ಹಿಂಡು.

ಅಣ್ಣ ಬ್ರೇಕು ಒತ್ತಿದ. ಒತ್ತಿದ ಕಾಲು ಎತ್ತಿ ಮತ್ತೆ ಒತ್ತಿದ. ಗಾಡಿ ತುಸು ನಿಧಾನಿಸಿತು, ಸುಟ್ಟ ವಾಸನೆ ಬಂತು, ಮತ್ತೆ ಓಡಿತು. ನಾನು ಕೈಬ್ರೇಕು ಎಳೆದೆ. ನಮ್ಮ ಕೈಬ್ರೇಕು ನಿಂತ ಗಾಡಿಯನ್ನು ನಿಲ್ಲಿಸಬಲ್ಲದು, ಓಡುವ ಗಾಡಿಯನ್ನಲ್ಲ.

"ಎರಡಕ್ಕ ಹಾಕಬೇಕು! ನೂಕಲೇ, ನೂಕು!" ಅಣ್ಣ ಕ್ಲಚ್ಚು ತುಳಿದು ಒದರಿದ. ಇಬ್ಬರೂ ಮೂರು ಕೈಯಿಂದ ನೂಕಿದೆವು. ಕಾದ ಚರ್ಮ ಬೆತ್ತವನ್ನು ಅರ್ಧ ದಾರಿಯಲ್ಲಿ ಹಿಡಿದು ನಿಲ್ಲಿಸಿತು. ಹಲ್ಲುಗಳು ಕೆಳಗೆ ಕರಕರ ಕಡಿದುಕೊಂಡವು. ಹಾರ್ನ್ ಬಡಿಯಲು ಯಾರಿಗೂ ಕೈ ಉಳಿದಿರಲಿಲ್ಲ. ಕುರಿಗಾರ ತಿರುಗಿ ನೋಡಿ ಎರಡೂ ಕೈ ಎತ್ತಿದ್ದು ಕಾಣಿಸಿತು.

ಆಗ ನನ್ನ ಮುಂದಿನಿಂದ ಒಂದು ಬಳೆಗೈ ಬಂತು. ಅದರಲ್ಲಿ ಅಡಕೊತ್ತು ಇತ್ತು. ವೈನಿ ಚರ್ಮದ ಕೊರಳಿಗೆ ಬಿಗಿದಿದ್ದ ಬಾರನ್ನು ಅದರ ಬಾಯಿಗೆ ಸಿಕ್ಕಿಸಿ ಒತ್ತಿದರು. ಒಮ್ಮೆ ಜಾರಿತು. ಎರಡನೆಯ ಸಲ ಬಾರು ಕಡಿದು ಹಾರಿತು. ಚರ್ಮದ ಅಂಗಿ ಕೊರಳು ಬಿಚ್ಚಿ ಕೆಳಗೆ ಕುಸಿಯಿತು, ಬೆತ್ತ ಒಮ್ಮೆಲೇ ಹಗುರಾಯಿತು. ಅಣ್ಣ ಎಕ್ಸಲೇಟರಿಗೆ ಒಂದು ಪೆಟ್ಟು ಕೊಟ್ಟು ಬೆತ್ತವನ್ನು ಎರಡಕ್ಕೆ ಬಡಿದ. ಎಂಜಿನ್ನು ಹುಯಿಲಿಟ್ಟಿತು. ಹಿಂದೆ ಸಸಿಗಳೆಲ್ಲ ಒಂದರ ಮೇಲೊಂದು ಬಿದ್ದ ಸದ್ದು. ನನ್ನ ಹಣೆ ಗಾಜಿಗೆ ಬಡಿಯಿತು.

ಗಾಡಿ ನಿಂತಾಗ ಎಲ್ಲಕ್ಕಿಂತ ಹಿಂದಿದ್ದ ಕುರಿ ಮುಖ ಮುಂದೆ ಮಾಡಿ ಬಂಪರನ್ನು ಮೂಸಿತು. ರುಚಿಸಲಿಲ್ಲ, ಹೋಯಿತು.

ಅಣ್ಣ ಎಂಜಿನ್ನು ಬಂದ್ ಮಾಡಿದ.  ತೆರೆದ ರಂಧ್ರದಿಂದ ನೀಲಿ ಹೊಗೆಯ ಒಂದು ಎಳೆ ಮೇಲೆದ್ದು ನಮ್ಮ ಮೂವರ ಮುಖ ನೋಡುತ್ತ ನಿಂತಿತು. ವೈನಿ ಸೆರಗನ್ನು ಮೂಗಿಗೆ ಹಿಡಿದು ಬಾಗಿಲು ತೆರೆದು ಕೆಳಗಿಳಿದರು. ನಾವು ಅವರ ಬೆನ್ನನ್ನೇ ನೋಡಿದೆವು. ಬೆನ್ನು ಏರಿತು, ಇಳಿಯಿತು. ಏರಿತು, ಇಳಿಯಿತು. ದಮ್ಮಿನ ಸಿಳ್ಳೆ ಕೇಳಲಿಲ್ಲ.

ಕುರಿಗಾರ ಬಂದ. ನಮ್ಮಣ್ಣನ ವಯಸ್ಸಿನವನೇ. "ಏನ್ರೀ ಯಜಮಾನ್ರ, ಹೊರಗಿನ ಕುರಿ ಕಾಣಲಿಲ್ಲೇನು? ಇಲ್ಲಾ ಒಳಗ ಕುಂತ ಎರಡು ಕುರೀನೂ ಹಿಂಡಿನ್ಯಾಗ ಬಿಡಾಕ ಬಂದ್ರೇನು?"

ನಾವು ಯಾವ ಆಕ್ಷೇಪಣೆಯನ್ನೂ ಸಲ್ಲಿಸಲಿಲ್ಲ.

ವೈನಿ ತಿರುಗಿದರು. "ಎಲ್ಲಿಂದ ಹಿಡಕೊಂಡು ಕುಂತಿದ್ದಿ ಅದನ್ನ?"

"ಸಿಂದಗಿಯಿಂದ್ರಿ."

"ಆ ಮುದುಕನ್ನ ಕರದು ಕೇಳ್ತೇನಿ ನಾ" ಎಂದ ಅಣ್ಣ. ಭಯ ಹೋಗಿ ಸಿಟ್ಟು ಬರತೊಡಗಿತ್ತು. "ಕೆಲಸ ಬರದಿದ್ರ ಬರೂದಿಲ್ಲ ಅನ್ನಬೇಕು. ಮೂರು ಜೀವ ಹೋಗ್ತಿದ್ದು."

ನನಗೆ ಅಜ್ಜ ಗೇಣು ಹಾಕಿ ಅಳೆದದ್ದು ಕಣ್ಣಿಗೆ ಕಟ್ಟಿತು. ಅಣ್ಣ ಹೋಗಿ ಕೇಳಿದರೆ ಆ ಮುದುಕ ನನ್ನ ಹೆಸರು ಹೇಳುವನೇ? ಹೇಳುವುದಿಲ್ಲ, ನನಗೆ ಗೊತ್ತಿತ್ತು. ತಲೆ ತಗ್ಗಿಸಿ ಬೈಸಿಕೊಳ್ಳುತ್ತಾನೆ. 

"ಅಂವಂದಲ್ಲ, ಅಣ್ಣಾ. ಅಂವ ನಿರಿಗಿ ಬಿಡ್ತೇನಂದ, ನಾ ಬ್ಯಾಡಂದೆ. ಒಣಗೂಮುಂದ ಅಲ್ಲಾಡ್ಸಂದ, ನಾ ಅಲ್ಲಾಡಸಲಿಲ್ಲ. ನ್ಯೂಟ್ರಲಿನ್ಯಾಗ ಇಟ್ಟಾಂವ ನಾ. ಸಿಂದಗ್ಯಾಗ ಸುಳ್ಳ ಹೇಳಿದೆ."

ಅಣ್ಣ ನನ್ನನ್ನು ನೋಡಿದ.  ಗಾಡಿಯ ಕೀಲಿ ತೆಗೆದು ವೈನಿಯ ಕೈಯಲ್ಲಿ ಇಟ್ಟ. "ಸಾಕು. ನಾ ಸೋತೆ. ನೀ ಬಾಗೇವಾಡಿಯಿಂದ ಬಸ್ಸಿಗೆ ಹೋಗು. ಮಗನಿಗೆ ಫೋನ್ ಮಾಡು, ಗುಜರಿ ಅಂವ ಇಲ್ಲಿಗೇ ಬರ್ಲಿ."

ವೈನಿ ಕೀಲಿಯನ್ನು ನೋಡಿದರು. "ನನಗ ದಮ್ಮು ಎದ್ದೈತೇನ್ರಿ?"

"ಇಲ್ಲ."

"ಕರಾರು ದಮ್ಮಿಂದು. ಬ್ರೇಕಿಂದಲ್ಲ, ಗೇರಿಂದಲ್ಲ, ನಿಮ್ಮ ತಮ್ಮನ ಬುದ್ಧೀದೂ ಅಲ್ಲ. ಮುದ್ದೇಬಿಹಾಳ ಇನ್ನೂ ಬಂದಿಲ್ಲ." ಕುರಿಗಾರನತ್ತ ತಿರುಗಿ, "ಯಪ್ಪಾ, ಹಳೇದೊಂದು ಕಂಬಳಿ ತುಂಡು ಐತೇನು?" ಎಂದರು.

ಎಳೆಯ ಮರಿಗಳನ್ನು ಸುತ್ತುತ್ತಿದ್ದ ಒಂದು ಸವೆದ ಕಂಬಳಿ ಅವನ ಕತ್ತೆಯ ಮೇಲಿತ್ತು. ಕೊಟ್ಟ. ಅದಕ್ಕೆ ಪ್ರತಿಯಾಗಿ ಎರಡು ಲಿಂಬೆ ಸಸಿ ಕೊಟ್ಟೆವು. ಊರಿಂದೂರಿಗೆ ಅಲೆಯುವವನು ಅವನ್ನು ಎಲ್ಲಿ ನೆಟ್ಟನೋ ತಿಳಿಯದು.

ವೈನಿ ಕ್ಯಾಬಿನ್ನಿಗೆ ಹತ್ತಿ, ಸೀರೆಗೆ ನಿರಿಗೆ ಹಿಡಿಯುವಂತೆ ಕಂಬಳಿಗೆ ನಿರಿಗೆ ಹಿಡಿದರು. ಬೆತ್ತದ ಸುತ್ತ ಸಡಿಲವಾಗಿ ಎರಡು ಸುತ್ತು ಸುತ್ತಿ, ಹರಿದ ಬಾರಿನಿಂದ ಕೊರಳಿಗೆ ಕಟ್ಟಿ, ಬುಡವನ್ನು ಕುಸಿದ ಚರ್ಮದೊಳಗೆ ತುರುಕಿದರು. ನೀರು ಚಿಮುಕಿಸಿ ಒದ್ದೆ ಮಾಡಿದರು. ಬೆತ್ತವನ್ನು ತಾವೇ ನಾಲ್ಕೂ ದಿಕ್ಕಿಗೆ ಆಡಿಸಿ ನೋಡಿದರು. ಕಂಬಳಿ ಅದರ ಜೊತೆ ಹೋಗಿ ಬಂತು, ಎಲ್ಲಿಯೂ ಹಿಡಿಯಲಿಲ್ಲ. ಸಾಲೋಟಗಿಯ ಅಜ್ಜ ಹೇಳಿದ್ದು ಇದನ್ನೇ.

ಬ್ರೇಕು ತಣಿಯುವವರೆಗೆ ಬೇವಿನ ನೆರಳಲ್ಲಿ ಕೂತು ಮತ್ತೆ ಹೊರಟೆವು.  ಈಗ ನನ್ನ ಕೈಗಳು ಖಾಲಿಯಿದ್ದವು, ಅದು ಇನ್ನೂ ಕಷ್ಟವಾಗಿತ್ತು. ಅಣ್ಣನ ಒಂದು ಕಿವಿ ಎಂಜಿನ್ನಿಗೆ, ಇನ್ನೊಂದು ವೈನಿಯ ಉಸಿರಿಗೆ. ಒದ್ದೆ ಕಂಬಳಿಯ ಕುರಿ ವಾಸನೆ ತುಂಬಿತ್ತು. ಹೊಗೆ ಇತ್ತೋ ಇಲ್ಲವೋ, ಆ ವಾಸನೆಯನ್ನು ದಾಟಿ ಬರುವ ಧೈರ್ಯ ಅದಕ್ಕಿರಲಿಲ್ಲ. ಬಾಗೇವಾಡಿ ದಾಟುವಾಗ ವೈನಿ ಒಮ್ಮೆ ಕೆಮ್ಮಿದರು. ಅಣ್ಣ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಎರಡನೆಯ ಸಲ ಕೆಮ್ಮಿದರು. ಅವನು ಗಾಡಿಯನ್ನು ಬದಿಗೆ ತೆಗೆದ.

"ಯಾಕ ನಿಲ್ಸಿದ್ರಿ? ಅಡಕಿ ಚೂರು ಗಂಟಲಾಗ ಸಿಕ್ಕೈತಿ. ಹೊಡೀರಿ ಮುಂದ."

ಸಂಚಿಯ ಮೇಲಿದ್ದ ಅವರ ಕೈ ಪಂಪಿನ ಕಡೆ ಹೋಗುವುದೋ ಎಂದು ನಾನು ಮುದ್ದೇಬಿಹಾಳದ ಮೊದಲ ಮನೆ ಕಾಣುವವರೆಗೂ ನೋಡಿದೆ. ಹೋಗಲಿಲ್ಲ.

ಅವರಣ್ಣನ ಅಂಗಳದಲ್ಲಿ ಗಾಡಿ ನಿಂತಿತು. ವೈನಿ ಇಳಿದು, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಐದು ನಿಮಿಷ ಸುಮ್ಮನೆ ಉಸಿರಾಡಿದರು. ಅಣ್ಣ ಇಳಿಯಲಿಲ್ಲ. ಸ್ಟೇರಿಂಗಿನ ಹಿಂದೆಯೇ ತೀರ್ಪಿಗೆ ಕಾದು ಕೂತಿದ್ದ. ಅಷ್ಟರಲ್ಲಿ ಮಗನ ಫೋನು ಬಂತು. ವೈನಿಗೆ ಕಿವಿ ತುಸು ಮಂದ, ಸ್ಪೀಕರ್ ಹಾಕಿದರು.

"ಅವ್ವಾ, ಮುಟ್ಟಿದ್ರೇನು? ದಮ್ಮು ಎದ್ದಿತ್ತೇನು?"

ವೈನಿ ಗಾಡಿಯನ್ನು ನೋಡಿದರು, ಗಾಡಿಯೊಳಗಿನ ಮುಖವನ್ನು ನೋಡಿದರು. "ಗಾಡಿಯಿಂದ ಏಳಲಿಲ್ಲಪಾ" ಎಂದರು. "ನಿಮ್ಮ ಕಾಕಾನಿಂದ ಏಳೂದಿತ್ತು, ಸ್ವಲ್ಪದಾಗ ತಪ್ಪಿತು. ಗುಜರಿ ಅಂವಗ ಬರಬ್ಯಾಡಂತ ಹೇಳು."

ಅಣ್ಣ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಹಾರ್ನ್ ಬಡಿದು ಮೂವರೂ ಬೆಚ್ಚಿದೆವು.

ಊರಿಗೆ ತಿರುಗಿ ಬಂದ ಮರುದಿನ ಆ ಚರ್ಮದ ಅಂಗಿಯನ್ನು ಕಂಕುಳಲ್ಲಿಟ್ಟು ಸಾಲೋಟಗಿಗೆ ಹೋದೆ. ನಡೆದದ್ದನ್ನೆಲ್ಲ, ಸಿಂದಗಿಯ ಸುಳ್ಳನ್ನೂ ಬಿಡದೆ, ಹೇಳಿದೆ. ಅಜ್ಜ ಕೇಳುತ್ತ ಚರ್ಮವನ್ನು ತಟ್ಟಿ ನೋಡಿದ. ನೀರಿನ ಬಾನಿಯಲ್ಲಿ ಮುಳುಗಿಸಿದ. ಮೂರು ದಿನ ನೆನೆದ ಮೇಲೆ ಹೊಲಿಗೆ ಬಿಚ್ಚಿ, ನಾಲ್ಕು ನಿರಿಗೆ ಬಿಟ್ಟು ಹೊಲಿದು, ಕುಸುಬೆ ಎಣ್ಣೆ ತಿಕ್ಕಿ, ತಾನೇ ಬಂದು ಗಾಡಿಗೆ ತೊಡಿಸಿದ.

"ಈಗೇನು ಮಾಡ್ಲಿ ಅಜ್ಜಾ?" ಎಂದೆ.

"ಒಣಗೂತನಕಾ ಗೇರ್ ಅಲ್ಲಾಡಸ್ಕೋತ ಕೂಡ್ರಿ, ಸಾಹೇಬ್ರ. ನೀವೇ ಕೂಡ್ರಿ. ಬ್ಯಾರೆಯವರ ಕಡೆ ಕೊಡಬ್ಯಾಡ್ರಿ."

ಕೂತೆ. ನಿಂತ ಗಾಡಿಯ ಸ್ಟೇರಿಂಗಿನ ಹಿಂದೆ, ಕ್ಲಚ್ಚು ತುಳಿದು, ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಬಿಸಿಲು ಏರಿತು. ಹಸಿ ತೊಗಲು ಬೆತ್ತದ ಜೊತೆ ಮೆಲ್ಲಗೆ ಹೋಗಿ ಬರುತ್ತಿತ್ತು. ಅಣ್ಣ ಬಾನೆಟ್ಟಿಗೆ ಒರಗಿ, ನಾನು ಎರಡನೆಯ ಗೇರನ್ನು ತಪ್ಪಿಸಿದಾಗಲೆಲ್ಲ "ಹ್ಞೂಂ?" ಅನ್ನುತ್ತಿದ್ದ. ಮಧ್ಯಾಹ್ನ ವೈನಿ ಪಡಸಾಲೆಯಿಂದ ಕೂಗಿದರು:

"ತಮ್ಮಾ, ಎಲ್ಲಿಗೆ ಬಂದಿ?"

"ದೇವರ ಹಿಪ್ಪರಗಿ, ವೈನಿ."

"ಡೋಣಿ ದಾಟಿ ಊಟಕ್ಕ ಬಾ."